ಮೃತ್ಯುವಿನ ದಾರಿಗೊಂದು ನಕಾಶೆ

ಭೂಮಿ ಎಂದು ನಡುಗುವುದೆಂದು ಯಾವ ವಿಜ್ಞಾನಿಯೂ ಹೇಳಲಾರ. ಆದರೆ ಎಲ್ಲಿ ನಡುಗಬಹುದು, ನಡುಗಿದರೆ ಯಾರ ಮನೆ ಉರುಳಬಹುದು ಎಂಬುದನ್ನು ಮುಂಚಿತವಾಗಿಯೇ ಬರೆದಿಡುವ ವಿದ್ಯೆಯೊಂದು ಮಾನವನ ಕೈಸೇರಿದೆ. ಆ ಬರಹವನ್ನು ಓದಿ ಬದುಕಿದವರೂ ಇದ್ದಾರೆ. ಓದದೆ ಅಳಿದವರೂ ಇದ್ದಾರೆ.

೧೯೮೫ನೆಯ ಇಸವಿ, ನವೆಂಬರ್ ೧೩ನೆಯ ತಾರೀಖು. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಆರ್ಮೆರೊ ಪಟ್ಟಣದಲ್ಲಿ ಅಂದು ಮಧ್ಯಾಹ್ನದಿಂದಲೇ ಬೂದಿಯ ಮಳೆ. ಗಿಡಗಳ ಮೇಲೆ, ಮನೆಗಳ ಮಾಡಿನ ಮೇಲೆ, ದಾರಿಹೋಕರ ತಲೆಯ ಮೇಲೆ ನುಣುಪಾದ ಬೂದಿ ಸದ್ದಿಲ್ಲದೆ ಉದುರುತ್ತಿತ್ತು. ಹತ್ತಿ ಮತ್ತು ಬತ್ತದ ಬೆಳೆಗೆ ಹೆಸರಾದ, ಸುಮಾರು ೨೯,೦೦೦ ಜನ ವಾಸವಾಗಿದ್ದ ಸಮೃದ್ಧವಾದ ಊರದು. ಪಶ್ಚಿಮಕ್ಕೆ ಸುಮಾರು ೫೦ ಕಿಲೋಮೀಟರು ದೂರದಲ್ಲಿ ೫,೩೦೦ ಮೀಟರು ಎತ್ತರದ ನೆವಾಡೊ ಡೆಲ್ ರೂಯಿಸ್ ಎಂಬ ಜ್ವಾಲಾಮುಖಿಯು ಹಿಮದ ಕಿರೀಟವನ್ನು ಧರಿಸಿ ನಿಂತಿದೆ. ಬೂದಿ ಬಂದದ್ದು ಅಲ್ಲಿಂದ. ಗಾಬರಿಪಡಬೇಕಾದ ಕಾರಣವಿಲ್ಲ, ಮನೆಯೊಳಗೇ ಇರಿ ಎಂಬ ಸಮಾಧಾನದ ಮಾತು ಜನರ ಕಿವಿಗೆ ಬಿದ್ದಿತು. ಸಂಜೆಯಾಯಿತು, ಮಳೆ ಸುರಿಯಿತು, ಜನ ಊಟ ಮಾಡಿ ಮಲಗಿದರು.

ರಾತ್ರಿ ಒಂಬತ್ತು ಗಂಟೆಯ ಸುಮಾರಿಗೆ ಪರ್ವತ ಬಾಯಿ ತೆರೆಯಿತು. ಕಾದ ಬೂದಿ ಮತ್ತು ಕಲ್ಲುಗಳು ಶಿಖರದ ಹಿಮದ ಮೇಲೆ ಸುರಿದು, ಹಿಮ ಕರಗಿ, ಆ ನೀರು ಮಣ್ಣನ್ನೂ ಬಂಡೆಗಳನ್ನೂ ಮರಗಳನ್ನೂ ಬಾಚಿಕೊಂಡು ಕಣಿವೆಗಳಲ್ಲಿ ಇಳಿಯತೊಡಗಿತು. ಹಸಿ ಕಾಂಕ್ರೀಟಿನಂತೆ ಗಟ್ಟಿಯಾದ ಆ ಕೆಸರಿನ ಪ್ರವಾಹಕ್ಕೆ ವಿಜ್ಞಾನಿಗಳು ಲಾಹಾರ್ ಎಂದು ಕರೆಯುತ್ತಾರೆ. ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಅದು ಆರ್ಮೆರೊವನ್ನು ತಲುಪಿತು. ಆ ಒಂದು ರಾತ್ರಿಯಲ್ಲಿ ಪರ್ವತದ ಸುತ್ತಮುತ್ತ ಸುಮಾರು ೨೩,೦೦೦ ಜನ ಮಡಿದರು; ಅವರಲ್ಲಿ ಬಹುಪಾಲು ಆರ್ಮೆರೊದವರು.

ಪರ್ವತ ಸಿಡಿದುದಕ್ಕೂ ಕೆಸರು ಊರಿಗೆ ಬಂದುದಕ್ಕೂ ನಡುವೆ ಎರಡು ಗಂಟೆಗೂ ಹೆಚ್ಚಿನ ಅವಧಿಯಿತ್ತು. ಊರಿನ ಅಂಚಿನ ಎತ್ತರದ ನೆಲವನ್ನು ನಡೆದು ಸೇರಲು ಅಷ್ಟು ಹೊತ್ತು ಸಾಕಾಗಿತ್ತು. ಇದಕ್ಕಿಂತಲೂ ಮನಕಲಕುವ ಸಂಗತಿ ಇನ್ನೊಂದಿದೆ. ಈ ದುರಂತಕ್ಕೆ ಒಂದು ತಿಂಗಳು ಮುಂಚೆ, ಅಕ್ಟೋಬರ್ ತಿಂಗಳಿನಲ್ಲಿಯೇ, ಆ ದೇಶದ ಭೂವಿಜ್ಞಾನಿಗಳು ಒಂದು ನಕಾಶೆಯನ್ನು ಸಿದ್ಧಪಡಿಸಿದ್ದರು. ಪರ್ವತ ಸಿಡಿದರೆ ಬೂದಿ ಎಲ್ಲಿ ಬೀಳುವುದು, ಕೆಸರು ಯಾವ ಕಣಿವೆಯಲ್ಲಿ ಇಳಿಯುವುದು, ಯಾವ ಊರನ್ನು ಮುಟ್ಟುವುದು ಎಂಬುದೆಲ್ಲ ಅದರಲ್ಲಿತ್ತು. ಕೆಸರಿನ ದಾರಿಯಲ್ಲಿ ಆರ್ಮೆರೊವೂ ಸೇರಿತ್ತು. ನಕಾಶೆ ಸರಿಯಾಗಿತ್ತು. ಅದನ್ನು ನಂಬಿ ನಡೆಯುವ ಏರ್ಪಾಡು ಮಾತ್ರ ಇರಲಿಲ್ಲ.

ಕಲ್ಲಿನ ಮೇಲಣ ಎಚ್ಚರಿಕೆ

ಬರಲಿರುವ ವಿಪತ್ತಿನ ದಾರಿಯನ್ನು ಕಾಗದದ ಮೇಲೆ ಬರೆಯುವುದು ಹೇಗೆ ಸಾಧ್ಯ? ಇದರಲ್ಲಿ ಜ್ಯೋತಿಷ್ಯವೇನೂ ಇಲ್ಲ. ಪ್ರಕೃತಿಯು ತಾನು ಹಿಂದೆ ನಡೆದ ದಾರಿಯನ್ನು ಸುಲಭವಾಗಿ ಮರೆಯುವುದಿಲ್ಲ, ಮರೆಯುವವನು ಮನುಷ್ಯ. ರೂಯಿಸ್ ಪರ್ವತವು ೧೫೯೫ರಲ್ಲಿಯೂ ೧೮೪೫ರಲ್ಲಿಯೂ ಇಂತಹುದೇ ಕೆಸರನ್ನು ಕೆಳಕ್ಕೆ ಅಟ್ಟಿತ್ತು. ೧೮೪೫ರ ಪ್ರವಾಹದಲ್ಲಿ ಸುಮಾರು ಸಾವಿರ ಜನ ಸತ್ತಿದ್ದರು. ಆ ಕೆಸರು ಒಣಗಿ ನೆಲವಾಯಿತು. ಫಲವತ್ತಾದ ಆ ನೆಲದ ಮೇಲೆಯೇ ಆರ್ಮೆರೊ ಬೆಳೆದು ನಿಂತಿತು. ಭೂವಿಜ್ಞಾನಿಗಳು ಮಾಡಿದ್ದಿಷ್ಟೇ: ಹಳೆಯ ಕೆಸರಿನ ಪದರ ಎಲ್ಲೆಲ್ಲಿ ಸಿಗುವುದೆಂದು ಹುಡುಕಿ, ಅದನ್ನು ನಕಾಶೆಯಲ್ಲಿ ಗುರುತಿಸಿದರು.

ಇಂತಹ ಗುರುತನ್ನು ಕಾಗದವೂ ಇಲ್ಲದೆ ಮಾಡಿದವರಿದ್ದಾರೆ. ಜಪಾನಿನ ಈಶಾನ್ಯ ಕರಾವಳಿಯಲ್ಲಿ ಅನೆಯೋಶಿ ಎಂಬ ಪುಟ್ಟ ಹಳ್ಳಿಯಿದೆ. ೧೮೯೬ರ ಸುನಾಮಿಯಲ್ಲಿ ಆ ಹಳ್ಳಿ ಕೊಚ್ಚಿಹೋಯಿತು. ಬದುಕಿದವರು ಬೆರಳೆಣಿಕೆಯ ಜನ. ಅವರು ಮತ್ತೆ ಕಡಲ ಬಳಿಯಲ್ಲಿಯೇ ಮನೆ ಕಟ್ಟಿದರು. ೧೯೩೩ರಲ್ಲಿ ಕಡಲು ಮತ್ತೆ ಬಂದಿತು. ಮತ್ತೆ ಬೆರಳೆಣಿಕೆಯ ಜನ ಉಳಿದರು. ಆಗ ಅವರು ಗುಡ್ಡದ ಮೇಲೆ ಒಂದು ಕಲ್ಲನ್ನು ನೆಟ್ಟು, ಇದರಿಂದ ಕೆಳಗೆ ಯಾರೂ ಮನೆ ಕಟ್ಟಕೂಡದೆಂದು ಅದರ ಮೇಲೆ ಕೆತ್ತಿಸಿದರು. ಮಕ್ಕಳು, ಮೊಮ್ಮಕ್ಕಳು ಆ ಮಾತನ್ನು ಮೀರಲಿಲ್ಲ. ೨೦೧೧ನೆಯ ಮಾರ್ಚ್ ೧೧ರಂದು ಬಂದ ಮಹಾಸುನಾಮಿಯು ಆ ಕಲ್ಲಿಗೆ ಸುಮಾರು ನೂರು ಮೀಟರು ಕೆಳಗೆ ನಿಂತು ಹಿಂತಿರುಗಿತು. ಮೇಲಿದ್ದ ಮನೆಗಳಿಗೆ ನೀರು ತಾಕಲಿಲ್ಲ.

ಒಂದು ಹಳ್ಳಿಗಾದರೆ ಒಂದು ಕಲ್ಲು ಸಾಕು. ಕೋಟ್ಯಂತರ ಜನ ವಾಸಿಸುವ ಭೂಮಂಡಲಕ್ಕೆಲ್ಲ ಅಂತಹ ಕಲ್ಲನ್ನು ನೆಡುವುದೆಂತು? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ‘ಭೌಗೋಳಿಕ ಮಾಹಿತಿ ವ್ಯವಸ್ಥೆ’. ಬಳಕೆಯಲ್ಲಿ ಅದನ್ನು ಜಿ.ಐ.ಎಸ್. ಎಂದು ಕರೆಯುವುದುಂಟು.

ಶಾನುಭೋಗರ ದಫ್ತರವೂ ಗಣಕಯಂತ್ರವೂ

ಹೆಸರು ಭಾರವಾಗಿದ್ದರೂ ತತ್ತ್ವ ಸರಳವಾದುದು. ಹಿಂದೆ ಹಳ್ಳಿಯ ಶಾನುಭೋಗರ ದಫ್ತರದಲ್ಲಿ ಎರಡು ಬಗೆಯ ದಾಖಲೆಗಳು ಇರುತ್ತಿದ್ದವು. ಒಂದು, ಗ್ರಾಮದ ನಕಾಶೆ: ಯಾವ ಹೊಲ ಎಲ್ಲಿದೆ, ಕೆರೆ ಎಲ್ಲಿ, ಬಂಡಿಜಾಡು ಎಲ್ಲಿ ಎಂಬುದು ಅದರಲ್ಲಿ ಕಾಣುತ್ತಿತ್ತು. ಇನ್ನೊಂದು, ಪಹಣಿ: ಆ ಹೊಲ ಯಾರದು, ಮಣ್ಣು ಎಂತಹುದು, ಬೆಳೆ ಏನು ಎಂಬುದು ಅದರಲ್ಲಿ ಬರೆದಿರುತ್ತಿತ್ತು. ಇವೆರಡನ್ನೂ ಬೆಸೆಯುತ್ತಿದ್ದುದು ಸರ್ವೆ ನಂಬರು. ನಂಬರು ತಿಳಿದರೆ ಸಾಕು, ನಕಾಶೆಯಿಂದ ಪಹಣಿಗೂ ಪಹಣಿಯಿಂದ ನಕಾಶೆಗೂ ಹೋಗಬಹುದಾಗಿತ್ತು. ಜಿ.ಐ.ಎಸ್. ಮಾಡುವುದು ಇದೇ ಕೆಲಸವನ್ನು. ಸರ್ವೆ ನಂಬರಿನ ಬದಲು ಅಲ್ಲಿ ಅಕ್ಷಾಂಶ ರೇಖಾಂಶಗಳಿವೆ. ಶಾನುಭೋಗರ ಬದಲು ಗಣಕಯಂತ್ರವಿದೆ. ಒಂದು ಗ್ರಾಮದ ಬದಲು ಇಡೀ ಭೂಗೋಳವಿದೆ.

ಒಂದರ ಮೇಲೊಂದು ಇಟ್ಟ ಪಾರದರ್ಶಕ ಹಾಳೆಗಳನ್ನು ಊಹಿಸಿಕೊಳ್ಳಬಹುದು. ಮೊದಲನೆಯ ಹಾಳೆಯಲ್ಲಿ ನೆಲದ ಏರು ತಗ್ಗುಗಳು. ಎರಡನೆಯದರಲ್ಲಿ ಹೊಳೆಗಳು. ಮೂರನೆಯದರಲ್ಲಿ ಮಣ್ಣಿನ ಗುಣ. ನಾಲ್ಕನೆಯದರಲ್ಲಿ ಹಲವು ವರ್ಷಗಳ ಮಳೆಯ ಲೆಕ್ಕ. ಐದನೆಯದರಲ್ಲಿ ಮನೆಗಳು, ಶಾಲೆಗಳು, ಆಸ್ಪತ್ರೆಗಳು, ಸೇತುವೆಗಳು. ಎಲ್ಲವನ್ನೂ ಒಟ್ಟಿಗೆ ಬೆಳಕಿಗೆ ಹಿಡಿದರೆ, ಯಾವ ಒಂದು ಹಾಳೆಯಲ್ಲಿಯೂ ಇಲ್ಲದ ಸತ್ಯವೊಂದು ಮೂಡುತ್ತದೆ. ಹೊಳೆಯ ನೀರು ಮೂರು ಮೀಟರು ಏರಿದರೆ ಮುಳುಗುವ ಮನೆಗಳಾವುವು? ಅವುಗಳಿಗೆ ಹತ್ತಿರವಾದ, ಮುಳುಗದ ಶಾಲೆ ಯಾವುದು? ಅಲ್ಲಿಗೆ ಹೋಗುವ ದಾರಿಯ ಸೇತುವೆ ನೀರಿನ ಮೇಲೆ ಉಳಿಯುವುದೋ ಇಲ್ಲವೋ? ಕೈಯಿಂದ ಮಾಡಿದರೆ ತಿಂಗಳುಗಟ್ಟಲೆ ಹಿಡಿಯುವ ಈ ಲೆಕ್ಕವನ್ನು ಯಂತ್ರವು ಕ್ಷಣಮಾತ್ರದಲ್ಲಿ ಮಾಡಿ ಮುಗಿಸುತ್ತದೆ.

ಈ ವಿದ್ಯೆಯ ಜನಕನೆಂದು ಪ್ರಸಿದ್ಧನಾದವನು ರೋಜರ್ ಟಾಮ್ಲಿನ್‌ಸನ್. ಇಂಗ್ಲೆಂಡಿನಲ್ಲಿ ೧೯೩೩ರಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಭೂಗೋಳಜ್ಞ. ವಿಮಾನದಿಂದ ಭೂಮಾಪನ ಮಾಡುವ ಕಂಪನಿಯೊಂದರಲ್ಲಿ ಅವನು ಕೆಲಸದಲ್ಲಿದ್ದಾಗ, ಆಫ್ರಿಕದ ಕೀನ್ಯಾದಲ್ಲಿ ಮರಗಳನ್ನು ಬೆಳೆಸಲು ತಕ್ಕ ಜಾಗವನ್ನು ಹುಡುಕುವ ಕೆಲಸ ಬಂದಿತು. ಮಣ್ಣು, ಮಳೆ, ಇಳಿಜಾರು, ರಸ್ತೆಗಳ ನಕಾಶೆಗಳನ್ನೆಲ್ಲ ಕೈಯಿಂದ ಹೊಂದಿಸಿ ನೋಡಬೇಕಾಗಿದ್ದ ಆ ಕೆಲಸದ ವೆಚ್ಚ ಕೈಗೆಟುಕದಷ್ಟಾಯಿತು. ಇದನ್ನು ಗಣಕಯಂತ್ರದಿಂದ ಏಕೆ ಮಾಡಿಸಬಾರದೆಂದು ಅವನಿಗೆ ತೋರಿದ್ದು ಆಗಲೇ. ೧೯೬೨ರಲ್ಲಿ ವಿಮಾನ ಪ್ರಯಾಣವೊಂದರಲ್ಲಿ ಕೆನಡಾದ ಕೃಷಿ ಇಲಾಖೆಯ ಲೀ ಪ್ರ್ಯಾಟ್ ಎಂಬ ಅಧಿಕಾರಿ ಅವನ ಪಕ್ಕದಲ್ಲಿ ಕುಳಿತಿದ್ದುದು ಅದೃಷ್ಟದ ಸಂಗತಿ. ತಮ್ಮ ವಿಶಾಲ ದೇಶದ ನೆಲವನ್ನೆಲ್ಲ ಅಳೆದು ವಿಂಗಡಿಸುವ ಯೋಜನೆ ಆ ಅಧಿಕಾರಿಯ ಮುಂದಿತ್ತು. ಪಯಣದ ಮಾತುಕತೆಯೇ ಕೆಲಸವಾಗಿ ಬೆಳೆದು, ಅದೇ ದಶಕದಲ್ಲಿ ಜಗತ್ತಿನ ಮೊದಲ ಭೌಗೋಳಿಕ ಮಾಹಿತಿ ವ್ಯವಸ್ಥೆ ಕೆನಡಾದಲ್ಲಿ ರೂಪುಗೊಂಡಿತು. ಹೊಲ ಕಾಡುಗಳ ಲೆಕ್ಕಕ್ಕೆಂದು ಹುಟ್ಟಿದ ಆ ಸಾಧನ ಮುಂದೆ ಜನರ ಪ್ರಾಣ ಉಳಿಸುವ ಕೆಲಸಕ್ಕೆ ಬಂದಿತು.

ಚೌಕಗಳಲ್ಲಿ ಹಿಡಿದ ಜಗತ್ತು

ಜಗತ್ತಿನ ವಿಪತ್ತುಗಳನ್ನೆಲ್ಲ ಒಂದೇ ನಕಾಶೆಯಲ್ಲಿ ಕಾಣಬೇಕೆಂಬ ಆಸೆ ಮೊದಲು ಹುಟ್ಟಿದವರಲ್ಲಿ ವಿಮಾ ವ್ಯಾಪಾರಿಗಳೂ ಸೇರಿದ್ದಾರೆ. ನಷ್ಟ ತುಂಬಿಕೊಡಬೇಕಾದವನಿಗೆ ನಷ್ಟ ಎಲ್ಲಿ ಆದೀತೆಂಬ ಚಿಂತೆ ಸಹಜ. ಜರ್ಮನಿಯ ಮ್ಯೂನಿಕ್ ರೀ ಎಂಬ ಸಂಸ್ಥೆ ೧೯೭೮ರಲ್ಲಿ ಪ್ರಪಂಚದ ನೈಸರ್ಗಿಕ ವಿಪತ್ತುಗಳ ನಕಾಶೆಯೊಂದನ್ನು ಅಚ್ಚುಹಾಕಿಸಿತು. ೧೯೯೨ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ಕಾರ್ಯಕ್ರಮವೊಂದರ ಫಲವಾಗಿ ೧೯೯೯ರಲ್ಲಿ ಜಗತ್ತಿನ ಭೂಕಂಪನ ಭೀತಿಯ ನಕಾಶೆ ಹೊರಬಂದಿತು.

ಈ ಭೂಕಂಪ ನಕಾಶೆಯನ್ನು ಓದುವ ಬಗೆಯನ್ನು ತಿಳಿದುಕೊಳ್ಳುವುದು ಒಳಿತು. ಅದು ಹವಾಮಾನ ವರದಿಯಂತೆ ನಾಳೆಯ ಮಾತನ್ನು ಹೇಳುವುದಿಲ್ಲ. ಹಿಂದೆ ಆದ ಭೂಕಂಪಗಳ ಪಟ್ಟಿ, ನೆಲದಾಳದ ಬಿರುಕುಗಳ ಚಲನೆ, ಕಂಪನವು ದೂರ ಸಾಗಿದಂತೆ ಕ್ಷೀಣಿಸುವ ರೀತಿ—ಇವನ್ನೆಲ್ಲ ಲೆಕ್ಕಹಾಕಿ, ಐವತ್ತು ವರ್ಷಗಳ ಅವಧಿಯಲ್ಲಿ ಒಂದು ಸ್ಥಳ ಎಷ್ಟು ಬಲವಾದ ಅದುರಾಟಕ್ಕೆ ಸಿದ್ಧವಾಗಿರಬೇಕು ಎಂಬುದನ್ನು ಬಣ್ಣಗಳಲ್ಲಿ ತೋರಿಸುತ್ತದೆ. ಅದಕ್ಕಿಂತ ಬಲವಾದ ಅದುರಾಟ ಆ ಅವಧಿಯಲ್ಲಿ ಬರುವ ಸಂಭವ ಹತ್ತರಲ್ಲಿ ಒಂದು ಪಾಲು. ಮನೆ ಕಟ್ಟುವ ಇಂಜಿನಿಯರನಿಗೆ ಬೇಕಾದುದು ಇಷ್ಟೇ. ಭೂಕಂಪದ ತಾರೀಖು ಅವನಿಗೆ ಬೇಡ. ಕಂಬದ ದಪ್ಪ ಎಷ್ಟಿರಬೇಕು ಎಂಬುದು ಬೇಕು.

೨೦೦೦ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಎಂಬ ಆಕಾಶನೌಕೆ ಭೂಮಿಯನ್ನು ಹನ್ನೊಂದು ದಿನ ಸುತ್ತಿತು. ರೇಡಾರ್ ಕಿರಣಗಳಿಂದ ಅದು ನೆಲದ ಶೇಕಡಾ ೮೦ರಷ್ಟು ಭಾಗದ ಎತ್ತರ ತಗ್ಗುಗಳನ್ನು ಅಳೆದು ತಂದಿತು. ನೀರು ತಗ್ಗಿಗೆ ಹರಿಯುತ್ತದೆಂಬುದು ಮಗುವಿಗೂ ಗೊತ್ತು. ಆದರೆ ಯಾವುದು ತಗ್ಗು, ಎಷ್ಟು ತಗ್ಗು ಎಂಬುದು ಅನೇಕ ಬಡ ದೇಶಗಳಿಗೆ ಅಲ್ಲಿಯವರೆಗೂ ಸರಿಯಾಗಿ ತಿಳಿದಿರಲಿಲ್ಲ. ಆ ಅಳತೆ ಕೈಸೇರಿದ ಮೇಲೆ, ನೆರೆಯ ನೀರನ್ನು ಮೊದಲು ಗಣಕಯಂತ್ರದೊಳಗೆ ಹರಿಸಿ ನೋಡುವುದು ಸಾಧ್ಯವಾಯಿತು.

೨೦೦೫ರಲ್ಲಿ ವಿಶ್ವಬ್ಯಾಂಕು ಮತ್ತು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿದ್ವಾಂಸರು ಜಗತ್ತಿನ ನೆಲವನ್ನೆಲ್ಲ ಸುಮಾರು ಐದು ಕಿಲೋಮೀಟರಿನ ಚೌಕಗಳಾಗಿ ವಿಂಗಡಿಸಿದರು. ಪ್ರತಿಯೊಂದು ಚೌಕಕ್ಕೂ ಆರು ಪ್ರಶ್ನೆಗಳು: ಇಲ್ಲಿ ಭೂಕಂಪದ ಭಯವೆಷ್ಟು? ಜ್ವಾಲಾಮುಖಿಯದೆಷ್ಟು? ಭೂಕುಸಿತದ್ದು, ನೆರೆಯದು, ಬರದ್ದು, ಚಂಡಮಾರುತದ್ದು ಎಷ್ಟೆಷ್ಟು? ಆ ಲೆಕ್ಕದ ಮೇಲೆ ಜನಸಂಖ್ಯೆಯ ಹಾಳೆಯನ್ನು ಇಟ್ಟಾಗ ಬಂದ ಉತ್ತರ ಬೆರಗುಗೊಳಿಸುವಂತಹುದು. ಸುಮಾರು ೩೪೦ ಕೋಟಿ ಜನ, ಅಂದರೆ ಆಗಿನ ಜಗತ್ತಿನ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಮಂದಿ, ಈ ಆರರಲ್ಲಿ ಒಂದಾದರೂ ವಿಪತ್ತು ಬಲವಾಗಿ ತಟ್ಟಬಹುದಾದ ನೆಲದಲ್ಲಿ ವಾಸವಾಗಿದ್ದರು.

ನೆಲದ ಮುನಿಸು, ಗೋಡೆಯ ದೋಷ

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಪ್ರಕೃತಿಯ ಬಲ ಬೇರೆ. ಅದರಿಂದಾಗುವ ಹಾನಿ ಬೇರೆ. ೨೦೧೦ನೆಯ ಇಸವಿಯಲ್ಲಿ ಏಳು ವಾರಗಳ ಅಂತರದಲ್ಲಿ ಎರಡು ಭೂಕಂಪಗಳಾದವು. ಜನವರಿ ೧೨ರಂದು ಹೈಟಿ ದ್ವೀಪದೇಶದಲ್ಲಿ ಆದ ಭೂಕಂಪದ ಪ್ರಮಾಣ ೭.೦. ಫೆಬ್ರವರಿ ೨೭ರಂದು ಚಿಲಿ ದೇಶದಲ್ಲಿ ಆದುದರ ಪ್ರಮಾಣ ೮.೮. ಅಂಕಿಗಳು ಹತ್ತಿರವಾಗಿ ಕಂಡರೂ, ಶಕ್ತಿಯಲ್ಲಿ ಎರಡನೆಯದು ಮೊದಲನೆಯದರ ಸುಮಾರು ಐನೂರು ಪಟ್ಟು. ಚಿಲಿಯಲ್ಲಿ ಸತ್ತವರು ಸುಮಾರು ೫೨೫ ಮಂದಿ. ಹೈಟಿಯಲ್ಲಿ ಸತ್ತವರು ಒಂದು ಲಕ್ಷಕ್ಕೂ ಮಿಕ್ಕಿದವರು. ಹೈಟಿಯ ಭೂಕಂಪ ರಾಜಧಾನಿಯ ಮಗ್ಗುಲಲ್ಲಿಯೇ ಆಯಿತೆಂಬುದು ನಿಜ. ಆದರೆ ಚಿಲಿಯಲ್ಲಿ ಭೂಕಂಪವನ್ನು ತಾಳುವಂತೆ ಮನೆ ಕಟ್ಟಬೇಕೆಂಬ ಕಟ್ಟಳೆಯಿತ್ತು, ಅದು ಆಚರಣೆಯಲ್ಲಿಯೂ ಇತ್ತು, ಹೈಟಿಯಲ್ಲಿ ಬಡತನವಿತ್ತು. ಆದುದರಿಂದಲೇ ಇಂದಿನ ನಕಾಶೆಗಾರರು ನೆಲದ ಸ್ವಭಾವದೊಡನೆ ಮನೆಗಳ ಸ್ವಭಾವವನ್ನೂ ಬರೆಯುತ್ತಾರೆ. ಇಟಲಿಯ ಪಾವಿಯಾದಲ್ಲಿರುವ ‘ಜೆಮ್’ ಎಂಬ ಸಂಸ್ಥೆ ೨೦೧೮ರ ಡಿಸೆಂಬರಿನಲ್ಲಿ ಪ್ರಕಟಿಸಿದ ಜಾಗತಿಕ ನಕಾಶೆಗಳಲ್ಲಿ ನೆಲ ಎಷ್ಟು ಅದುರೀತು ಎಂಬುದಕ್ಕೆ ಒಂದು ನಕಾಶೆ, ಎಷ್ಟು ಕಟ್ಟಡಗಳು ಕೆಟ್ಟಾವು ಎಂಬುದಕ್ಕೆ ಇನ್ನೊಂದು ನಕಾಶೆ ಇದೆ.

ಹೈಟಿಯ ದುರಂತದಲ್ಲಿ ಇನ್ನೊಂದು ಪಾಠವಿತ್ತು. ಪರಿಹಾರಕ್ಕೆ ಧಾವಿಸಿದವರಿಗೆ ರಾಜಧಾನಿ ಪೋರ್ಟ್-ಓ-ಪ್ರಿನ್ಸ್ ನಗರದ ಬೀದಿಗಳ ಸರಿಯಾದ ನಕಾಶೆಯೇ ದೊರೆಯಲಿಲ್ಲ. ಆಗ ಬೇರೆ ಬೇರೆ ದೇಶಗಳ ನೂರಾರು ಸ್ವಯಂಸೇವಕರು ತಮ್ಮ ಮನೆಗಳಲ್ಲಿಯೇ ಕುಳಿತು, ಕೃತಕ ಉಪಗ್ರಹಗಳು ತೆಗೆದ ಚಿತ್ರಗಳನ್ನು ನೋಡುತ್ತ, ಬೀದಿ ಬೀದಿಯನ್ನೂ, ಕುಸಿದ ಕಟ್ಟಡಗಳನ್ನೂ, ನಿರಾಶ್ರಿತರ ಡೇರೆಗಳನ್ನೂ ‘ಓಪನ್ ಸ್ಟ್ರೀಟ್ ಮ್ಯಾಪ್’ ಎಂಬ ಸಾರ್ವಜನಿಕ ನಕಾಶೆಯಲ್ಲಿ ಗುರುತಿಸಿದರು. ಹೈಟಿಯನ್ನು ಎಂದೂ ಕಾಣದವರು ಬರೆದ ಆ ದಾರಿಗಳಲ್ಲಿ ರಕ್ಷಣಾ ತಂಡಗಳು ನಡೆದವು.

ನಂಬಿದವರು ಬದುಕಿದರು

ಆರ್ಮೆರೊ ಅಳಿದು ಆರು ವರ್ಷ ತುಂಬುವ ಮೊದಲೇ ಅಂತಹುದೇ ಪರೀಕ್ಷೆ ಮತ್ತೊಮ್ಮೆ ಎದುರಾಯಿತು. ಫಿಲಿಪ್ಪೀನ್ಸ್ ದೇಶದ ಪಿನಾಟುಬೊ ಪರ್ವತ ಸುಮಾರು ಐನೂರು ವರ್ಷ ನಿದ್ರಿಸಿದ್ದಿತು. ಅದು ಜ್ವಾಲಾಮುಖಿಯೆಂಬುದೇ ಅದರ ಬುಡದಲ್ಲಿದ್ದ ಎಷ್ಟೋ ಜನರಿಗೆ ತಿಳಿಯದು. ೧೯೯೧ರ ಏಪ್ರಿಲ್ ೨ರಂದು ಅದರ ಮೈಯಿಂದ ಹಬೆ ಚಿಮ್ಮಿತು. ಆ ದೇಶದ ಜ್ವಾಲಾಮುಖಿ ಶಾಸ್ತ್ರಜ್ಞರೂ ಅಮೆರಿಕದಿಂದ ಬಂದ ತಜ್ಞರೂ ಕೂಡಿ ಹಳೆಯ ಬೂದಿಯ ಪದರಗಳನ್ನು ಅಗೆದು ನೋಡಿ, ಮೇ ತಿಂಗಳಿನಲ್ಲಿ ವಿಪತ್ತಿನ ನಕಾಶೆಯನ್ನು ಸಿದ್ಧಪಡಿಸಿ ಹಂಚಿದರು. ಉರಿಬೂದಿಯ ಪ್ರವಾಹ ಎಲ್ಲಿಯವರೆಗೆ ನುಗ್ಗುವುದು, ಕೆಸರು ಯಾವ ಹೊಳೆಯಲ್ಲಿ ಇಳಿಯುವುದು ಎಂಬುದನ್ನು ಅದು ತೋರಿಸುತ್ತಿತ್ತು.

ಅಲ್ಲಿಯೂ ಅನುಮಾನಪಟ್ಟವರಿದ್ದರು. ಇಷ್ಟು ದೊಡ್ಡ ಅನಾಹುತ ಹೇಗೆ ಆದೀತು ಎಂದರು. ಆದರೆ ಈ ಬಾರಿ ವಿಜ್ಞಾನಿಗಳು ನಕಾಶೆಯನ್ನು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಜ್ವಾಲಾಮುಖಿಯ ಉರಿಬೂದಿ ಎಂತಹುದು, ಕೆಸರಿನ ಪ್ರವಾಹ ಎಂತಹುದು ಎಂಬುದನ್ನು ತೋರಿಸುವ ಚಲನಚಿತ್ರವೊಂದನ್ನು ಅಧಿಕಾರಿಗಳಿಗೂ ಜನರಿಗೂ ತೋರಿಸಿದರು. ಅದನ್ನು ಚಿತ್ರಿಸಿದವನು ಫ್ರಾನ್ಸಿನ ಮೋರಿಸ್ ಕ್ರಾಫ್ಟ್. ಅದೇ ಜೂನ್ ೩ರಂದು ಜಪಾನಿನ ಉನ್ಜೆನ್ ಜ್ವಾಲಾಮುಖಿಯ ಉರಿಬೂದಿಯಲ್ಲಿ ಅವನೂ ಅವನ ಪತ್ನಿ ಕಾತ್ಯಾಳೂ ಸಾವಿಗೀಡಾದರು. ಅವರು ತೆಗೆದ ಚಿತ್ರ ಮಾತ್ರ ಇತ್ತ ಜನರ ಕಣ್ಣು ತೆರೆಸಿತು. ಪರ್ವತದ ಸುತ್ತ ಮೊದಲು ಹತ್ತು ಕಿಲೋಮೀಟರು, ಆಮೇಲೆ ಇಪ್ಪತ್ತು, ಮೂವತ್ತು, ಕೊನೆಗೆ ನಲವತ್ತು ಕಿಲೋಮೀಟರಿನವರೆಗೆ ಊರುಗಳನ್ನು ಬರಿದುಮಾಡಲಾಯಿತು. ಇಳಿಜಾರಿನಲ್ಲಿ ತಲೆತಲಾಂತರದಿಂದ ಬಾಳಿದ್ದ ಐತಾ ಬುಡಕಟ್ಟಿನವರು ಕಣ್ಣೀರಿಡುತ್ತ ಕೆಳಗಿಳಿದರು.

ಜೂನ್ ೧೫ರಂದು ಪಿನಾಟುಬೊ ಸಿಡಿಯಿತು. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಜ್ವಾಲಾಮುಖಿ ಸ್ಫೋಟಗಳಲ್ಲಿ ಅದೂ ಒಂದು. ದುರದೃಷ್ಟಕ್ಕೆ ಅದೇ ದಿನ ಚಂಡಮಾರುತವೂ ಬಂದು, ಮಳೆಯಲ್ಲಿ ನೆನೆದು ಭಾರವಾದ ಬೂದಿ ಮಾಡುಗಳನ್ನು ಕುಸಿಯಿಸಿ ನೂರಾರು ಜನರನ್ನು ಕೊಂದಿತು. ಆದರೂ ಉರಿಬೂದಿಯು ಬಹುಮಟ್ಟಿಗೆ ನಕಾಶೆ ತೋರಿದ್ದ ಎಡೆಯಲ್ಲಿಯೇ ಹರಿಯಿತು. ಅಲ್ಲಿ ಆ ವೇಳೆಗೆ ಜನರಿರಲಿಲ್ಲ. ಕಡಮೆಯೆಂದರೂ ೫,೦೦೦ ಜೀವಗಳು ಹೀಗೆ ಉಳಿದುವೆಂದು ತಜ್ಞರು ಅಂದಾಜು ಮಾಡಿದ್ದಾರೆ. ಆರ್ಮೆರೊದಲ್ಲಿಯೂ ನಕಾಶೆಯಿತ್ತು; ಪಿನಾಟುಬೊದಲ್ಲಿ ನಕಾಶೆಯಿಂದ ಜನರ ಮನೆ ಬಾಗಿಲಿನವರೆಗೆ ದಾರಿಯೂ ಇತ್ತು.

ನಮ್ಮ ನೆಲದಲ್ಲಿ

ಈ ಎರಡು ಕಥೆಗಳೂ ಭಾರತದಲ್ಲಿ ನಡೆದಿವೆ. ೧೯೯೯ರ ಅಕ್ಟೋಬರ್ ೨೯ರಂದು ಒಡಿಶಾ ಕರಾವಳಿಗೆ ಅಪ್ಪಳಿಸಿದ ಮಹಾಚಂಡಮಾರುತಕ್ಕೆ ಸುಮಾರು ೧೦,೦೦೦ ಜನ ಬಲಿಯಾದರು. ಆ ಪೆಟ್ಟಿನಿಂದ ರಾಜ್ಯ ಪಾಠ ಕಲಿಯಿತು. ಯಾವ ಹಳ್ಳಿ ಎಷ್ಟು ತಗ್ಗಿನಲ್ಲಿದೆ, ಕಡಲು ಎಲ್ಲಿಯವರೆಗೆ ನುಗ್ಗೀತು, ಆಶ್ರಯಭವನ ಎಲ್ಲಿರಬೇಕು ಎಂಬ ಲೆಕ್ಕ ಸಿದ್ಧವಾಯಿತು. ೨೦೧೩ರ ಅಕ್ಟೋಬರ್ ೧೨ರಂದು ‘ಫೈಲಿನ್’ ಚಂಡಮಾರುತ ಗೋಪಾಲಪುರದ ಬಳಿ ನೆಲ ಮುಟ್ಟುವ ಮುನ್ನ ಸುಮಾರು ಹತ್ತು ಲಕ್ಷ ಜನರನ್ನು ಸ್ಥಳಾಂತರಿಸಲಾಗಿತ್ತು. ಸಾವು ಕೆಲವು ಹತ್ತುಗಳಲ್ಲಿಯೇ ನಿಂತಿತು.

ಇನ್ನೊಂದು ಕಥೆ ಪಶ್ಚಿಮ ಘಟ್ಟದ್ದು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಗೆ ಸೇರಿದ ಹೈದರಾಬಾದಿನ ದೂರಸಂವೇದಿ ಕೇಂದ್ರವು ೨೦೨೩ರಲ್ಲಿ ದೇಶದ ಭೂಕುಸಿತಗಳ ನಕಾಶೆ ಸಂಪುಟವನ್ನು ಪ್ರಕಟಿಸಿತು. ೧೯೯೮ರಿಂದ ೨೦೨೨ರವರೆಗಿನ ಸುಮಾರು ೮೦,೦೦೦ ಭೂಕುಸಿತಗಳನ್ನು ಅದು ಗುರುತಿಸಿ, ೧೪೭ ಜಿಲ್ಲೆಗಳನ್ನು ಅಪಾಯದ ಕ್ರಮದಲ್ಲಿ ಪಟ್ಟಿಮಾಡಿತು. ೨೦೧೮ರ ಮಳೆಗಾಲದಲ್ಲಿ ಕೊಡಗಿನ ಗುಡ್ಡಗಳು ಜರಿದು ಜನ ತೋಟ ಮನೆಗಳನ್ನು ಕಳೆದುಕೊಂಡ ನೆನಪು ಕನ್ನಡಿಗರಲ್ಲಿ ಮಾಸಿರಲಿಲ್ಲ. ೨೦೨೪ರ ಜುಲೈ ೧೬ರಂದು ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿ ನದಿಗೆ ಕುಸಿಯಿತು. ಎರಡು ವಾರ ಕಳೆದು, ಜುಲೈ ೩೦ರ ನಸುಕಿನಲ್ಲಿ, ಕೇರಳದ ವಯನಾಡಿನ ಬೆಟ್ಟ ಒಡೆದು ಮುಂಡಕ್ಕೈ, ಚೂರಲ್‌ಮಲ ಗ್ರಾಮಗಳ ಮೇಲೆ ಹರಿಯಿತು. ಮಣ್ಣು ಬಂಡೆಗಳು ಸುಮಾರು ಎಂಟು ಕಿಲೋಮೀಟರು ಸಾಗಿದವು. ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ಉಪಗ್ರಹದ ಚಿತ್ರಗಳನ್ನು ಪರಿಶೀಲಿಸಿದಾಗ, ಬೆಟ್ಟ ಒಡೆದ ಜಾಗದಲ್ಲಿಯೇ ಹಿಂದೊಂದು ಕುಸಿತದ ಗಾಯವಿದ್ದುದು ಕಂಡುಬಂದಿತು. ಆ ಗಾಯ ಹಿಂದಿನ ವರ್ಷದ ಸಂಪುಟದಲ್ಲಿ ದಾಖಲಾಗಿತ್ತು.

ಗೆರೆಯ ಆಚೆಗೆ

ಹಾಗಾದರೆ ನಕಾಶೆಯನ್ನು ಕಣ್ಣುಮುಚ್ಚಿ ನಂಬಿದರೆ ಸಾಕೆ? ಅದೂ ಸಲ್ಲದು. ೧೯೯೩ರ ಸೆಪ್ಟೆಂಬರ್ ೩೦ರ ಬೆಳಗಿನ ಜಾವ, ಕರ್ನಾಟಕದ ಗಡಿಗೆ ಸಮೀಪವಾದ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಸಾವಿರಾರು ಜನರ ಮೇಲೆ ಕಲ್ಲುಮಣ್ಣಿನ ದಪ್ಪ ಗೋಡೆಗಳು ಉರುಳಿದವು. ಆಗಿನ ಭೂಕಂಪ ನಕಾಶೆಯಲ್ಲಿ ಆ ಪ್ರದೇಶ ಒಂದನೆಯ ವಲಯದಲ್ಲಿ, ಎಂದರೆ ದೇಶದಲ್ಲಿಯೇ ಅತ್ಯಂತ ನಿರ್ಭಯವಾದ ವಲಯದಲ್ಲಿ ಇದ್ದಿತು. ಭೂಮಿಯ ನೆನಪು ಸಾವಿರಾರು ವರ್ಷಗಳದು. ಮನುಷ್ಯನ ದಾಖಲೆ ಕೆಲವು ನೂರು ವರ್ಷಗಳದು. ದಾಖಲೆಯಿಲ್ಲದ ಕಡೆ ಅಪಾಯವೇ ಇಲ್ಲವೆಂದು ನಕಾಶೆ ಮೋಸಹೋಗುವುದುಂಟು. ೨೦೦೨ರಲ್ಲಿ ನಕಾಶೆಯನ್ನು ತಿದ್ದಿದಾಗ ಒಂದನೆಯ ವಲಯವೆಂಬುದನ್ನೇ ತೆಗೆದುಹಾಕಿದರು.

ನಕಾಶೆಯ ಬೆಲೆಯನ್ನೂ ಮಿತಿಯನ್ನೂ ಚೆನ್ನಾಗಿ ಅರಿತವರು ಜಪಾನಿನ ಕಾಮೈಶಿ ನಗರದ ಮಕ್ಕಳು. ಅಲ್ಲಿ ಸುನಾಮಿಯ ನಕಾಶೆಯನ್ನು ಹಂಚಲಾಗಿತ್ತು. ಅದರಲ್ಲಿ ಉನೊಸುಮಾಯ್ ಬಡಾವಣೆಯ ಶಾಲೆಗಳು ನೀರು ಬರುವ ಗೆರೆಯಿಂದ ಆಚೆಗೆ ಇದ್ದವು. ಆದರೆ ಮಕ್ಕಳಿಗೆ ವರ್ಷಗಳ ಕಾಲ ತರಬೇತಿಯನ್ನು ರೂಪಿಸಿಕೊಟ್ಟ ಪ್ರೊಫೆಸರ್ ಟೋಶಿಟಾಕಾ ಕಟಾಡಾ ಅವರು ಮೊದಲು ಕಲಿಸಿದ್ದೇ ಈ ಮಾತನ್ನು: ನಕಾಶೆಯ ಗೆರೆ ಮನುಷ್ಯನ ಊಹೆ, ಕಡಲು ಅದನ್ನು ಓದಿಕೊಂಡು ಬರುವುದಿಲ್ಲ.

೨೦೧೧ರ ಮಾರ್ಚ್ ೧೧ರಂದು ನೆಲ ನಡುಗಿದೊಡನೆ ಅಲ್ಲಿನ ಹಿರಿಯ ಶಾಲೆಯ ಮಕ್ಕಳು ಎತ್ತರಕ್ಕೆ ಓಡಿದರು. ಅವರನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಓಡಿದರು. ಗೊತ್ತುಮಾಡಿದ್ದ ತಾಣವನ್ನು ಮುಟ್ಟಿದಾಗ ಹಿಂದಿನ ದರೆ ಜರಿಯುತ್ತಿರುವುದು ಕಂಡಿತು. ಇಲ್ಲಿ ನಿಲ್ಲಬಾರದೆಂದು, ಚಿಕ್ಕವರ ಕೈ ಹಿಡಿದುಕೊಂಡು ಇನ್ನೂ ಮೇಲಕ್ಕೆ ಹೋದರು. ಅಲ್ಲಿಂದ ಹಿಂತಿರುಗಿ ನೋಡಿದರೆ ಊರನ್ನು ನೀರು ನುಂಗುತ್ತಿತ್ತು. ಮತ್ತೆ ಮೇಲಕ್ಕೆ ಓಡಿದರು. ಶಾಲೆಗಳನ್ನು ನೀರು ಮುಳುಗಿಸಿತು. ನಕಾಶೆಯ ಗೆರೆಯಿಂದಾಚೆ ಮನೆಯಿದೆಯೆಂದು ನಿಶ್ಚಿಂತರಾಗಿದ್ದ ದೊಡ್ಡವರು ಅನೇಕರು ಸತ್ತರು. ಅಂದು ಶಾಲೆಗಳಲ್ಲಿದ್ದ ಕಾಮೈಶಿಯ ಸುಮಾರು ಮೂರು ಸಾವಿರ ಮಕ್ಕಳು ಬದುಕಿದರು.

ಆರ್ಮೆರೊ ಪಟ್ಟಣವನ್ನು ಆ ಜಾಗದಲ್ಲಿ ಮತ್ತೆ ಕಟ್ಟಲಿಲ್ಲ. ಗಿಡಬಳ್ಳಿಗಳ ನಡುವೆ ಮುರಿದ ಗೋಡೆಗಳೂ ಸಮಾಧಿಯ ಶಿಲುಬೆಗಳೂ ಅಲ್ಲಿ ನಿಂತಿವೆ. ರೂಯಿಸ್ ಪರ್ವತ ಇನ್ನೂ ಆರಿಲ್ಲ. ೨೦೨೩ರ ಮಾರ್ಚ್ ಕೊನೆಯಲ್ಲಿ ಅದು ಮತ್ತೆ ಗುಡುಗಿದಾಗ, ಕೊಲಂಬಿಯಾದ ಅಧಿಕಾರಿಗಳು ಕೂಡಲೇ ಎಚ್ಚರಿಕೆಯನ್ನು ಏರಿಸಿ, ಪರ್ವತದ ಸಮೀಪದ ಕುಟುಂಬಗಳಿಗೆ ಜಾಗ ಬಿಡುವಂತೆ ಹೇಳಿದರು. ಪರ್ವತ ಆ ಬಾರಿ ಸಿಡಿಯಲಿಲ್ಲ. ವೃಥಾ ಮನೆ ಬಿಡಿಸಿದರೆಂದು ಗೊಣಗಿದವರು ಇದ್ದಿರಬಹುದು. ಗೊಣಗುವುದಕ್ಕೆ ಅವರೆಲ್ಲ ಉಳಿದಿದ್ದರು.